ರೋಮಿನ ಸಮಾಧಿಗಳು ದಾವಣಗೆರೆಗೆ ಬಂದದ್ದು

ನಾನು ಹೊಟ್ಟೆ ಹೊರೆದದ್ದು ಸತ್ತವರಿಂದ. ಹೀಗೆಂದರೆ ಕೆಲವರು ನನ್ನನ್ನು ಸುಡುಗಾಡಿನ ಕಾವಲುಗಾರ ಎಂದುಕೊಳ್ಳುತ್ತಾರೆ, ಇನ್ನು ಕೆಲವರು ವಿಮೆ ಏಜೆಂಟ್ ಎಂದು ಹೆದರಿ ಎದ್ದು ಹೋಗುತ್ತಾರೆ. ನಾನು ಎರಡೂ ಅಲ್ಲ. ವಸ್ತು ಸಂಗ್ರಹಾಲಯದಲ್ಲಿ ಸಹಾಯಕನಾಗಿ ಸೇರಿ, ಸಹಾಯಕನಿಗಿಂತ ಸ್ವಲ್ಪ ಮೇಲಿನವನಾಗಿ ನಿವೃತ್ತನಾದವನು. ಆ ಸ್ವಲ್ಪ ಮೇಲಿನದ್ದು ಯಾವಾಗ ಬಂತು, ಯಾಕೆ ಬಂತು ಎಂಬುದು ನನಗೂ ನೆನಪಿಲ್ಲ, ಸರ್ಕಾರಕ್ಕೂ ನೆನಪಿದ್ದಂತಿಲ್ಲ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು, ಕಾಫಿ ಕುಡಿದು, "ಸಾರ್, ಕೆಲಸ ಹೇಗಿರತ್ತೆ?" ಎಂದು ಕೇಳುತ್ತಾರೆ. ಪುಸ್ತಕದಲ್ಲಿ ಇರುವುದನ್ನು ಅವರು ನನಗಿಂತ ಚೆನ್ನಾಗಿ ಓದಿರುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ಐವತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ನಮ್ಮ ಸಂಗ್ರಹಾಲಯ ಎಂದರೆ ಒಂದು ಹಳೆಯ ಹತ್ತಿ ಗೋದಾಮು. ಅದರ ಹಿಂದೆ ಒಂದು ಅಂಗಳ, ಅಂಗಳದ ಹಿಂದೆ ಮಾಲೀಕರಾದ ರುದ್ರಪ್ಪ ಸಾವ್ಕಾರ್ರ ಮನೆ. ಹತ್ತಿ ಖಾಲಿಯಾಗಿ ಎಷ್ಟೋ ಕಾಲವಾಗಿದ್ದರೂ ಬೇಸಿಗೆಯ ಗಾಳಿಗೆ ಸೂರಿನ ಸಂದಿಯಿಂದ ಎಳೆ ಎಳೆಯಾಗಿ ಉದುರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ದೇವಾನುದೇವತೆಗಳೆಲ್ಲ ಒಂದೇ ರಾತ್ರಿಯಲ್ಲಿ ತಲೆ ನರೆತು ಕೂತಿರುತ್ತಿದ್ದರು. ಅವರ ಮುಪ್ಪನ್ನು ಕುಂಚದಿಂದ ಗುಡಿಸುವುದು ನನ್ನ ಮೊದಲ ಕೆಲಸ.

ನನ್ನ ಮೇಲಧಿಕಾರಿ ಅನಂತರಾಮಯ್ಯನವರು ಮೈಸೂರಿನ ಕಡೆಯವರು. ಕರಿ ಕೋಟು, ಜರಿ ಪೇಟ. ಎದುರಿಗೆ ಒಬ್ಬನೇ ಇದ್ದರೂ ಒಂದು ಸಭೆ ನೆರೆದಿದೆ ಎಂಬ ಗೌರವದಿಂದ ಮಾತಾಡುವವರು. ಒಳ್ಳೆಯ ವಿದ್ವಾಂಸರು. ಸತ್ತವರ ಬಗ್ಗೆ ಅವರಿಗೆ ತಿಳಿಯದ್ದು ಇರಲಿಲ್ಲ. ಬದುಕಿರುವವರ ಜೊತೆ ಮಾತ್ರ ಸ್ವಲ್ಪ ತೊಡಕಾಗುತ್ತಿತ್ತು.

ಅವರ ಜೊತೆ ಮೊದಲ ಸಲ ಹೊರಗೆ ಹೋದದ್ದು ಲೋಕಿಕೆರೆಯ ಕಡೆಗೆ. ಯಾರದೋ ಬಾವಿಯ ಹತ್ತಿರ ಒಂದು ವೀರಗಲ್ಲು ಇದೆ ಎಂದು ಸುದ್ದಿ ಬಂದಿತ್ತು. ಹೋಗಿ ನೋಡಿದರೆ ಕಲ್ಲು ಅಂಗಾತ ಮಲಗಿತ್ತು, ಅದರ ಮೇಲೆ ಮನೆಯೊಡತಿ ಸೀರೆ ಕುಕ್ಕುತ್ತಿದ್ದಳು. ಅನಂತರಾಮಯ್ಯನವರು ಛತ್ರಿ ಊರಿ ನಿಂತು, ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಪ್ರಾಣ ಕೊಟ್ಟ ಮಹಾವೀರನ ಸ್ಮಾರಕವಿದು, ಇದರ ಮೇಲೆ ಬಟ್ಟೆ ಒಗೆಯುವುದು ಎಂಥ ಅವಿವೇಕ ಎಂದು ಸುದೀರ್ಘವಾಗಿ ಹೇಳಿದರು. ಆಕೆ ಸೀರೆ ಹಿಂಡಿಕೊಳ್ಳುತ್ತ ಪೂರ್ತಿ ಕೇಳಿದಳು.

"ದನಕ್ಕ ಜೀವ ಕೊಟ್ಟೋನು ಒಂದು ಸೀರಿ ಒಗ್ಯಾಕ ಬ್ಯಾಡ ಅಂತಾನೇನ್ರಿ?" ಎಂದಳು. ಆಮೇಲೆ, "ತಗಂಡು ಹೋಗ್ರಿ. ಬ್ಯಾರೆ ಕಲ್ಲು ತಂದು ಹಾಕಿ ತಗಂಡು ಹೋಗ್ರಿ" ಎಂದಳು.

ಮರುವಾರ ನುಣುಪಾದ ಚಪ್ಪಡಿಯೊಂದನ್ನು ಗಾಡಿಯಲ್ಲಿ ಒಯ್ದು ಹಾಕಿ ವೀರನನ್ನು ತಂದೆವು. ಅಂದಿನಿಂದ ನಮ್ಮ ಸಂಗ್ರಹಣೆಯ ವಿಧಾನವೇ ಅದಾಯಿತು. ಕಾನೂನಿನ ಪುಸ್ತಕ ಮನೆಯಲ್ಲಿ ಬಿಟ್ಟು, ಗಾಡಿಯಲ್ಲಿ ಒಂದು ಒಗೆಯುವ ಕಲ್ಲು ಇಟ್ಟುಕೊಂಡು ಹೋಗುತ್ತಿದ್ದೆವು. ಹೊಸಬರು ಇದನ್ನು ಗಮನಿಸಬೇಕು. ಸತ್ತವರ ಕಲ್ಲನ್ನು ಬದುಕಿರುವವರ ಹತ್ತಿರ ಕೇಳಿ ತರಬೇಕು.

ಇನ್ನು ರೋಮಿನ ವಿಷಯ.

ಬೊಂಬಾಯಿಯಿಂದ ಒಂದು ಪ್ರದರ್ಶನ ಊರೂರು ತಿರುಗುತ್ತ ಬರುತ್ತಿತ್ತು. ರೋಮನ್ನರ ಸಮಾಧಿಗಳು, ಸಮಾಧಿ ಕಲ್ಲುಗಳು, ಕಲ್ಲಿನ ಶವಪೆಟ್ಟಿಗೆಗಳು. ನಿಜವಾದವಲ್ಲ. ನಿಜವಾದ ಕಲ್ಲಿನಿಂದ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಪ್ರತಿಗಳು. ದೂರದಿಂದ ನೋಡಿದರೆ ಅಮೃತಶಿಲೆ, ಹತ್ತಿರ ಹೋಗಿ ಬೆರಳಿನಿಂದ ಬಡಿದರೆ ಟೊಳ್ಳು. ಅದು ಹುಬ್ಬಳ್ಳಿಯಿಂದ ನೇರ ಬೆಂಗಳೂರಿಗೆ ಹೋಗುವುದಿತ್ತು. ಅನಂತರಾಮಯ್ಯನವರು ಮೇಲಿಂದ ಮೇಲೆ ಬರೆದು, ಬೇಡಿ, ನಡುವೆ ದಾವಣಗೆರೆಯಲ್ಲಿ ಇಳಿಸಿಕೊಂಡರು. ನೂಲು, ಬಟ್ಟೆ, ಮಂಡಕ್ಕಿ ಇವುಗಳ ಹೊರತು ಈ ಊರಿಗೆ ಬೇರೇನೂ ಗೊತ್ತಿಲ್ಲ ಎಂಬ ಅಪಖ್ಯಾತಿಯನ್ನು ತೊಡೆಯುವುದು ಅವರ ಸಂಕಲ್ಪ.

ಆದರೆ ಆ ವಾರ ದಾವಣಗೆರೆ ಸ್ಟೇಷನ್ನಿನ ಸರಕು ಶೆಡ್ಡಿನಲ್ಲಿ ಹತ್ತಿಯ ಅಂಡಿಗೆಗಳು, ಒತ್ತಿ ಕಟ್ಟಿದ ದೊಡ್ಡ ಮೂಟೆಗಳು, ಸೂರು ಮುಟ್ಟಿದ್ದವು. ರೋಮ್ ಸಾಮ್ರಾಜ್ಯಕ್ಕೆ ಜಾಗವಿಲ್ಲ ಎಂದು ರೈಲಿನವರು ಪೆಟ್ಟಿಗೆಗಳನ್ನು ಹರಿಹರದಲ್ಲೇ ಇಳಿಸಿದರು. ಎತ್ತಿನ ಗಾಡಿಗಳನ್ನು ಕರೆದುಕೊಂಡು ನಾನು ಹರಿಹರಕ್ಕೆ ಹೋದೆ. ದಾವಣಗೆರೆಯ ಹಮಾಲರ ಮುಖ್ಯಸ್ಥ ಖಾದರ್ ಸಾಬ್ ತನ್ನ ಜನರೊಂದಿಗೆ ಬಂದಿದ್ದ. ನಮ್ಮ ಕಲ್ಲುಗಳನ್ನೆಲ್ಲ ಒಂದು ಉಗುರೂ ಮುಕ್ಕಾಗದಂತೆ ಎತ್ತಿಟ್ಟವನು ಅವನೇ. ಆದರೆ ಮೊದಲ ಪೆಟ್ಟಿಗೆಗೆ ಕೈಹಾಕುವಾಗ ಅವನ ಜೊತೆಯವನೊಬ್ಬ ಒಳಗೇನಿದೆ ಎಂದು ಕೇಳಿದ. "ಸಮಾಧಿ" ಎಂದೆ. ಎಲ್ಲರೂ ಕೈ ತೆಗೆದರು.

"ಹೆಣದ ಪೆಟ್ಟಿಗಿ ಐತೇನ್ರಿ?"

"ಖಾಲಿ ಐತಪ್ಪಾ. ಪ್ಲಾಸ್ಟರಿಂದು."

ಖಾದರ್ ಸಾಬ್ ಗಡ್ಡ ಕೆರೆದುಕೊಂಡ. "ಗೋವಿಂದಪ್ಪೋರೆ, ಜನಾಜಾಕ್ಕೆ ಹೆಗಲು ಕೊಟ್ರೆ ನಮ್ಮಲ್ಲಿ ಪುಣ್ಯ ಅಂತಾರೆ. ಇದರಾಗೆ ಮಯ್ಯತ್ತೇ ಇಲ್ಲ, ಹೆಣಾನೇ ಇಲ್ಲ ಅಂತೀರಿ. ಖಾಲಿ ಪೆಟ್ಟಿಗಿ ಹೊತ್ರೆ ಪುಣ್ಯ ಎಲ್ಲಿ ಬರ್ತದೆ? ಸೊಂಟನೋವು ಬರ್ತದೆ."

"ಈಗ ಏನಂತೀಯಪ್ಪಾ?"

"ನಾನೇನೂ ಅನ್ನಲ್ಲ. ಇವರು ಹೊತ್ತಮ್ಯಾಲೆ ಜಳಕ ಆಗ್ಬೇಕು ಅಂತಾರೆ. ಹೊಳಿ ಇಲ್ಲೇ ಐತಲ್ಲ."

ಹೀಗೆ ರೋಮಿನ ಸಮಾಧಿಗಳು ಗಾಡಿ ಏರಿದವು, ಹಮಾಲರು ತುಂಗಭದ್ರೆಗೆ ಇಳಿದರು. ನಾನು ಗಾಡಿಯ ನೆರಳಿನಲ್ಲಿ ಕೂತು ಕಾಯ್ದೆ. ಸತ್ತವರ ಪ್ರತಿಗೂ ಮೈಲಿಗೆ ಉಂಟೇ ಎಂಬುದು ಬಹಳ ಸೂಕ್ಷ್ಮವಾದ ಪ್ರಶ್ನೆ. ಪಂಡಿತರು ಯಾರೂ ಇದನ್ನು ವಿಚಾರಿಸಿದಂತಿಲ್ಲ. ಹರಿಹರದ ಹೊಳೆ ಮಾತ್ರ ಅಂದು ಮಧ್ಯಾಹ್ನ ಉಂಟು ಎಂದು ತೀರ್ಪು ಕೊಟ್ಟಿತು.

ತೊಂದರೆ ಆದದ್ದು ದಾವಣಗೆರೆಗೆ ಬಂದಮೇಲೆ. ಪೆಟ್ಟಿಗೆ ಇಳಿಸಿದಮೇಲೆ ಮತ್ತೆ ಜಳಕ ಬೇಕು, ಇಲ್ಲಿ ಹೊಳೆ ಇಲ್ಲ. ಖಾದರ್ ಸಾಬ್ ಸುತ್ತ ನೋಡಿದ. ಅಂಗಳದ ಮೂಲೆಯ ಬಚ್ಚಲಲ್ಲಿ ಸಾವ್ಕಾರ್ರ ತಾಮ್ರದ ಹಂಡೆ ಹೊಗೆಯಾಡುತ್ತಿತ್ತು. ಸಾವ್ಕಾರ್ರ ತಾಯಿ ಗಿರಿಜವ್ವನವರು ಹತ್ತಿ ಕಟ್ಟಿಗೆಯ ಉರಿ ಹಾಕಿ ನೀರು ಕಾಸುತ್ತಿದ್ದರು. ಕೇಳಿದ್ದಕ್ಕೆ, "ದುಡದು ಬಂದೀರಿ, ಮಾಡ್ರಪ್ಪ" ಎಂದರು. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದು ರುದ್ರಪ್ಪ ಸಾವ್ಕಾರ್ರು. ಮಾರ್ಕೆಟ್ಟಿನಿಂದ ಬಂದವರಿಗೆ ತಮ್ಮ ಬಚ್ಚಲ ಮುಂದೆ ಹಮಾಲರ ಸಾಲು ಕಾಣಿಸಿತು.

"ಇದೇನೋ ಖಾದರ್, ಹೊತ್ತಲ್ಲದ ಹೊತ್ತಿನಾಗೆ ಜಳಕ?"

"ಸಮಾಧಿ ಹೊತ್ತೀವ್ರಿ ಸಾವ್ಕಾರ್ರೆ."

"ಯಾರದು?"

"ರೋಮಿನೋರದಂತೆ."

"ಹೊತ್ತು ಎಲ್ಲಿಗೆ ಒಯ್ದ್ರಿ?"

ಖಾದರ್ ಸಾಬ್ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ಗೋದಾಮಿನ ಕಡೆ ಗದ್ದ ಎತ್ತಿ ತೋರಿಸಿದ.

ಸಾವ್ಕಾರ್ರು ಬಂದು ಬಾಗಿಲಲ್ಲಿ ನಿಂತರು, ಒಳಗೆ ಕಾಲಿಡಲಿಲ್ಲ. ಅನಂತರಾಮಯ್ಯನವರು ಹೊರಗೆ ಹೋಗಿ, ಇವು ಕೇವಲ ಪ್ರತಿಗಳು, ಈಚೆಗೆ ಎರಕ ಹೊಯ್ದವು, ಇವುಗಳಲ್ಲಿ ಮೂಳೆಯಾಗಲಿ ಬೂದಿಯಾಗಲಿ ಇಲ್ಲ ಎಂದು ವಿವರಿಸಿದರು.

"ನಿನ್ನಿ ಎರಡು ಸಾವಿರ ವರ್ಷದ್ದು ಅಂತ ಊರೆಲ್ಲ ಡಂಗುರ ಹೊಡಸೀರಿ. ಇವತ್ತು ಮೊನ್ನಿ ಮಾಡಿದ್ದು ಅಂತೀರಿ. ಯಾವುದು ನಂಬ್ಲಿ?"

"ಎರಡೂ ನಿಜ, ಸಾಹುಕಾರರೇ."

"ಹಂಗಂದ್ರೆ ಎರಡೂ ಸುಳ್ಳು."

ಅವರದು ಸಿಟ್ಟಿಗಿಂತ ದಿಗಿಲು ಹೆಚ್ಚು. ಮಾರ್ನಮಿ ಅಮಾವಾಸ್ಯೆ ಹತ್ತಿರ ಬಂದಿತ್ತು. ಆ ದಿನ ಮನೆಯ ಹಿರಿಯರು, ಎಂದರೆ ತೀರಿಕೊಂಡವರು, ಎಡೆ ಉಣ್ಣಲು ಬರುತ್ತಾರೆ ಎಂಬುದು ಎಲ್ಲರ ಮನೆಯ ನಂಬಿಕೆ. "ನಮ್ಮ ಹಿರೇರು ಬರೋ ದಾರಿನೇ ಇದು. ಬಾಗಿಲಾಗೆ ನಿಮ್ಮ ರೋಮಿನೋರು ಸಾಲಾಗಿ ಕುಂತಿದ್ರೆ ನಮ್ಮಪ್ಪ ಒಳಗ ಹೆಂಗೆ ಬರಬೇಕ್ರಿ? ಮೊದ್ಲೇ ಸಂಕೋಚದ ಮನಷ್ಯ."  

ಕೊನೆಗೆ ಸಾವ್ಕಾರ್ರು ಹೇಳಿಬಿಟ್ಟರು. ಅಮಾವಾಸ್ಯೆಯ ಬೆಳಿಗ್ಗೆಯೊಳಗೆ ಜಾಗ ಖಾಲಿಯಾಗಬೇಕು. ರೋಮಿನವರಷ್ಟೇ ಅಲ್ಲ, ನಾವೂ, ನಮ್ಮ ಕಲ್ಲುಗಳೂ ಎಲ್ಲ.

ಇದು ಸಣ್ಣ ಮಾತಾಗಿರಲಿಲ್ಲ. ಆ ಗೋದಾಮು ಸಿಕ್ಕುವ ಮುಂಚೆ ನಾವು ಊರೆಲ್ಲ ಸುತ್ತಿದ್ದೆವು, ಆನೆಕೊಂಡದವರೆಗೆ. ಮೂಗು ಮುರಿದ, ಕೈ ಹೋದ ದೇವರುಗಳನ್ನು ತಮ್ಮ ಸೂರಿನ ಕೆಳಗೆ ಇಟ್ಟುಕೊಳ್ಳಲು ಒಬ್ಬರೂ ಒಪ್ಪಿರಲಿಲ್ಲ. ಈ ಜಾಗ ಹೋದರೆ ಎಲ್ಲ ಕಲ್ಲುಗಳೂ ಬೆಂಗಳೂರಿನ ಯಾವುದೋ ಉಗ್ರಾಣ ಸೇರುತ್ತಿದ್ದವು. ದಾವಣಗೆರೆಯ ಸಂಗ್ರಹಾಲಯ ಎಂಬುದು ಇರುತ್ತಿರಲಿಲ್ಲ, ನನ್ನ ಕೆಲಸವೂ ಅಷ್ಟೆ. ಅನಂತರಾಮಯ್ಯನವರು ಅಂದು ಮೊದಲ ಸಲ ಸಭೆಗೆ ಹೇಳುವಂತೆ ಹೇಳದೆ ನನಗೊಬ್ಬನಿಗೇ ಹೇಳುವಂತೆ, "ಗೋವಿಂದಪ್ಪ, ಏನ್ ಮಾಡೋದಯ್ಯ?" ಎಂದರು.  ಪ್ರದರ್ಶನವನ್ನು ತೆರೆದೆವು.

ಜನ ಬಂದರು. ಅಂಜಿಕೆ ಇದ್ದಲ್ಲಿ ಕುತೂಹಲ ಎರಡರಷ್ಟು ಇರುತ್ತದೆ. ಗಿರಣಿಯ ಪಾಳಿ ಬಿಟ್ಟವರು, ಸಂತೆಗೆ ಬಂದವರು, ಶಾಲೆಯ ಮಕ್ಕಳ ಸಾಲು. ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಅನಂತರಾಮಯ್ಯನವರು ಒಂದು ಶವಪೆಟ್ಟಿಗೆಗೆ 'ರೋಮಕ ಸಾಮ್ರಾಜ್ಯಕಾಲೀನ ಪುಷ್ಪಮಾಲಾಲಂಕೃತ ಶವಮಂಜೂಷಾ ಪ್ರತಿಕೃತಿ' ಎಂದು ಫಲಕ ಬರೆಸಿದ್ದರು. ಗಿರಣಿಯವನೊಬ್ಬ ಅದನ್ನು ನಿಧಾನವಾಗಿ ಓದಿ ಮುಗಿಸಿ ಕೈ ಮುಗಿದ. ಮಂತ್ರ ಎಂದುಕೊಂಡಿದ್ದ. ಅಂದಿನಿಂದ ನಾನು ಜನ ಏನು ಕೇಳುತ್ತಾರೋ ಅದಕ್ಕೆ ಉತ್ತರವನ್ನೇ ಫಲಕವಾಗಿ ಬರೆದು ದೊಡ್ಡ ಫಲಕದ ಕೆಳಗೆ ಅಂಟಿಸತೊಡಗಿದೆ. ಅನಂತರಾಮಯ್ಯನವರು ನೋಡಿಯೂ ನೋಡದಂತೆ ಇದ್ದರು. ಮುಂದೆ ಇಡೀ ಸೇವೆಯಲ್ಲಿ ನಾನು ಫಲಕ ಬರೆದದ್ದು ಇದೇ ರೀತಿ.

ಜನ ಕೇಳುತ್ತಿದ್ದ ಪ್ರಶ್ನೆಗಳು ನನಗೆ ರೋಮ್ ಕಲಿಸಿದವು. ಒಂದು ಕಲ್ಲಿನಲ್ಲಿ ಸತ್ತವನು ಮಂಚದ ಮೇಲೆ ಮೊಣಕೈ ಊರಿ ಒರಗಿ, ಕೈಯಲ್ಲಿ ಬಟ್ಟಲು ಹಿಡಿದು ಊಟ ಮಾಡುತ್ತಿದ್ದ. "ಮಕ್ಕಂಡು ಉಣ್ತಾರೇನ್ರಿ? ಅದಕ್ಕ ಸತ್ತಾನೆ" ಎಂದ ಒಬ್ಬ. ಇನ್ನೊಂದರಲ್ಲಿ ಗಂಡ ಹೆಂಡತಿ ಬಲಗೈ ಹಿಡಿದು ನಿಂತಿದ್ದರು. ಇದು ಮದುವೆಯ ಕಲ್ಲೋ ಸಾವಿನ ಕಲ್ಲೋ ಎಂದು ಒಂದು ಸಂಸಾರ ಬಹಳ ಹೊತ್ತು ಚರ್ಚಿಸಿತು. ಕೊನೆಗೆ ಹೆಂಡತಿ, "ಎರಡರಾಗೂ ಕೈ ಬಿಡಂಗಿಲ್ಲ ಅಂತ ತೋರ್ಸ್ಯಾರೆ, ನಡೀರಿ" ಎಂದು ಗಂಡನನ್ನು ಎಳೆದುಕೊಂಡು ಹೋದಳು. ಮನೆಯ ಆಕಾರದ ಒಂದು ಬೂದಿಪೆಟ್ಟಿಗೆ ಇತ್ತು, ಹೆಂಚು, ಬಾಗಿಲು, ಚಿಲಕ ಎಲ್ಲ ಕೆತ್ತಿದ್ದರು. ಇದು ಸ್ವಂತದ್ದೋ ಬಾಡಿಗೆಯದ್ದೋ ಎಂದು ಒಬ್ಬರು ಕೇಳಿದರು. ನಮ್ಮ ಪರಿಸ್ಥಿತಿಯಲ್ಲಿ ಆ ಪ್ರಶ್ನೆ ಸ್ವಲ್ಪ ಚುಚ್ಚಿತು.

ರೋಮನ್ನರು ಸಮಾಧಿಗಳನ್ನು ಊರ ಹೊರಗೆ ದಾರಿಯ ಎರಡೂ ಬದಿಗೆ ಕಟ್ಟುತ್ತಿದ್ದರು, ಹೋಗಿಬರುವವರು ನಿಂತು ಹೆಸರು ಓದಲಿ ಎಂದು. ಕೆಲವು ಸಮಾಧಿಗಳಿಗೆ ಒಂದು ಕೊಳವೆ ಇಟ್ಟು, ವರ್ಷದಲ್ಲಿ ಗೊತ್ತಾದ ದಿನ ಮನೆಯವರು ಬಂದು ಅದರೊಳಗೆ ಹಾಲು, ಜೇನು, ದ್ರಾಕ್ಷಾರಸ ಸುರಿಯುತ್ತಿದ್ದರು. ಅಲ್ಲೇ ಕೂತು ತಾವೂ ಉಣ್ಣುತ್ತಿದ್ದರು. ಇದನ್ನು ನಾನು ಒಂದು ಫಲಕದಲ್ಲಿ 'ಇವರೂ ಎಡೆ ಇಡುತ್ತಿದ್ದರು' ಎಂದು ಬರೆದಿದ್ದೆ.

ಆ ಫಲಕವನ್ನು ಯಾರೋ ಗಿರಿಜವ್ವನವರಿಗೆ ಓದಿ ಹೇಳಿದ್ದರು.

ಮಗ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಒಂದು ಮಧ್ಯಾಹ್ನ ಅವರು ಅಂಗಳ ದಾಟಿ ಬಂದರು. ಇಳಿವಯಸ್ಸು, ಸಣ್ಣ ಆಳು. ತಲೆಯ ಮೇಲೆ ಸೆರಗು. "ಏನಪಾ, ನಮ್ಮ ರುದ್ರನ್ನ ಹೆದರ್ಸಿದೋರು ಇವರೇ ಏನು?" ಎಂದರು. ಹೌದು ಎಂದೆ. ಅವು ಪ್ರತಿಗಳು ಎಂದು ಹೇಳುವುದು ಅನಂತರಾಮಯ್ಯನವರಿಗೆ ಅಷ್ಟರಲ್ಲಿ ಅಭ್ಯಾಸವಾಗಿಹೋಗಿತ್ತು. ಕೂತಲ್ಲಿಂದಲೇ, "ನಿಜವಾದ ಸಮಾಧಿಗಳಲ್ಲ ತಾಯಿ, ನಕಲು" ಎಂದರು.

"ಗಣಪ್ಪನ್ನ ವರ್ಸಾ ಮಣ್ಣಾಗೆ ಮಾಡ್ತಾರೆ. ನಕಲಿ ಗಣಪ್ಪ ಅಂತ ಯಾರರ ಅಂದಾರೇನ್ರಿ ಸಾಮಿ?"

ಅನಂತರಾಮಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

ಗಿರಿಜವ್ವ ಒಂದೊಂದೇ ಕಲ್ಲಿನ ಮುಂದೆ ನಿಂತು, ಇದು ಯಾರದು, ಇವಳ್ಯಾಕೆ ಅಳ್ತಾಳೆ, ಈ ಸಿಂಹ ಯಾಕೆ ಎಂದು ಕೇಳುತ್ತ ಬಂದರು. ಕೊನೆಯಲ್ಲಿ ಕಿಟಕಿಯ ಹತ್ತಿರ ಒಂದು ಸಣ್ಣ ಕಲ್ಲಿತ್ತು. ಮೊರಕ್ಕಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಪುಟ್ಟ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಒಂದು ಹಕ್ಕಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಕೆನ್ನೆ ಉಬ್ಬಿಕೊಂಡಿತ್ತು. ಹಕ್ಕಿಗೆ ಉಸಿರು ಕಟ್ಟುವಷ್ಟು ಗಟ್ಟಿಯಾಗಿ ಹಿಡಿದಿದ್ದಳು, ಮಕ್ಕಳು ಹಿಡಿಯುವ ಹಾಗೆ. ಗಿರಿಜವ್ವ ಅಲ್ಲಿ ನಿಂತವರು ಮುಂದೆ ಹೋಗಲಿಲ್ಲ.

"ಇದು?"

"ಮೂರು ವರ್ಷದ ಕೂಸವ್ವ. ತೀರಿಕೊಂಡ ಮೇಲೆ ಅಪ್ಪ ಅವ್ವ ನಿಲ್ಲಿಸಿದ ಕಲ್ಲು."

"ಇಷ್ಟು ಸಣ್ಣ ಕೂಸಿಗೂ ಕಲ್ಲು ನಿಲ್ಲಸ್ತಿದ್ರಾ?"

"ನಿಲ್ಲಿಸುತ್ತಿದ್ದರು."

"ಏನಂತ ಬರದಾರೆ?"

"ಹೆಸರು. ಎಷ್ಟು ವರ್ಷ ಇದ್ದಳು, ಅದರ ಮೇಲೆ ಎಷ್ಟು ತಿಂಗಳು, ಎಷ್ಟು ದಿನ. ಅಷ್ಟೇ."

"ದಿನಾನೂ ಎಣಿಸ್ಯಾರೆ" ಎಂದರು ಗಿರಿಜವ್ವ. ಬಗ್ಗಿ ಆ ಅಕ್ಷರಗಳನ್ನು ನೋಡಿ, "ಅವರವ್ವ ಎಣಿಸಿರ್ತಾಳೆ" ಎಂದರು.

ನಾನು ಕುರ್ಚಿ ತಂದು ಹಾಕಿದೆ. ಕೂರಲಿಲ್ಲ, ನೆಲದ ಮೇಲೆ ಕೂತರು. ಕೂತು ಅವರು ಹೇಳಿದ್ದು ಇಷ್ಟು. ರುದ್ರಪ್ಪನವರ ಕೆಳಗೆ ಒಂದು ಹೆಣ್ಣು ಮಗು ಇತ್ತು. ಗೌರಿ. ಇದೇ ವಯಸ್ಸು. ಜ್ವರ ಬಂದು ತೀರಿಹೋಯಿತು. ಮೈದುನ ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ಎಲ್ಲಿ ಎಂದು ಕೇಳಿದರೆ, ಕೇಳಬಾರದು, ಇನ್ನೊಂದು ಮಗು ಆಗಬೇಕಲ್ಲ, ಮರೆತುಬಿಡು ಎಂದರು. ಆಮೇಲೆ ಮೈದುನನೂ ತೀರಿಕೊಂಡ. ಆನೆಕೊಂಡದ ಆಚೆ ಎಲ್ಲೋ ಒಂದು ಬೇವಿನ ಮರದ ಹತ್ತಿರ ಎಂದು ಯಾರೋ ಅಂದದ್ದುಂಟು. ಈಗ ಮರವೂ ಇಲ್ಲ.

"ಅಮಾಸಿ ದಿನ ಹಿರೇರಿಗೆ ಎಡಿ ಇಡ್ತೀವಿ. ಮಾವ, ಅತ್ತಿ, ನಮ್ಮನಿಯೋರು, ಎಲ್ಲರಿಗೂ. ಇದಕ್ಕ ಯಾರು ಇಡ್ತಾರೆ? ಇದು ಹಿರೇಳಾಗಲೇ ಇಲ್ಲ."

 ಅನಂತರಾಮಯ್ಯನವರು ಎದ್ದು ಬಂದು, ಕರಿ ಕೋಟಿನಲ್ಲೇ ತಾವೂ ನೆಲದ ಮೇಲೆ ಕೂತರು. ಅವರ ಜೊತೆ ಕೆಲಸ ಮಾಡಿದಷ್ಟು ಕಾಲದಲ್ಲಿ ಹೀಗೆ ಆದದ್ದು ಅದೊಂದೇ ಸಲ.

ಆಮೇಲೆ ಗಿರಿಜವ್ವ ದಿನವೂ ಬಂದರು. ಹುಡುಗಿಯ ಮುಂದೆ ಕೂತು ಹೂಬತ್ತಿ ಹೊಸೆಯುವರು. ಶಾಲೆಯ ಮಕ್ಕಳು ಬಂದರೆ, "ಮುಟ್ಟಬ್ಯಾಡ್ರೋ, ಹಕ್ಕಿ ಹಾರಿ ಹೋಕ್ಕತಿ" ಎಂದು ಗದರುವರು. ನಾನು ಹಾಕಿದ್ದ 'ಮುಟ್ಟಬಾರದು' ಫಲಕಕ್ಕಿಂತ ಇದು ಹೆಚ್ಚು ಕೆಲಸ ಮಾಡಿತು. ಒಂದು ದಿನ ಮಾತ್ರ ಕೈಮೀರುವುದರಲ್ಲಿತ್ತು. ಕಲ್ಲಿಗೆ ಜಳಕ ಮಾಡಿಸಲೆಂದು ತಂಬಿಗೆಯಲ್ಲಿ ನೀರು ತಂದಿದ್ದರು. ಪ್ಲಾಸ್ಟರಿಗೆ ನೀರು ಬಿದ್ದರೆ ಮೆತ್ತಗಾಗುತ್ತದೆ, ಮೂಗು ಮುಖ ಉಳಿಯುವುದಿಲ್ಲ. ಓಡಿ ಹೋಗಿ ಹೇಳಿದೆ. "ಥಂಡಿ ಆಕ್ಕತೇನು?" ಎಂದರು. ಹೌದವ್ವ ಎಂದೆ. ತಂಬಿಗೆ ದೂರ ಇಟ್ಟು, ಒಣ ಸೆರಗಿನ ತುದಿಯಿಂದ ಮುಖ ಒರೆಸಿದರು.

ಮಗನಿಗೆ ಇದೊಂದೂ ಗೊತ್ತಿರಲಿಲ್ಲ. ನೀವೊಂದು ಮಾತು ಹೇಳಿ ಎಂದು ಗಿರಿಜವ್ವನವರನ್ನು ಕೇಳಬಹುದಿತ್ತು. ಅನಂತರಾಮಯ್ಯನವರೇ ಬೇಡ ಎಂದರು. "ಅವರು ಮಗಳ ಹತ್ತಿರ ಬರ್ತಾ ಇದ್ದಾರಯ್ಯ. ನಾವು ಮಧ್ಯೆ ಬಾಡಿಗೆ ಕರಾರು ಹಿಡಕೊಂಡು ಹೋಗೋದೇ?"

ಅಮಾವಾಸ್ಯೆ ಬಂತು. ಸಾವ್ಕಾರ್ರು ಮಾತಿಗೆ ತಪ್ಪದ ಮನುಷ್ಯರು. ಬೆಳಿಗ್ಗೆಯೇ ಖಾಲಿ ಗಾಡಿಗಳು ಬಂದು ನಿಂತವು, ಜೊತೆಗೆ ಖಾದರ್ ಸಾಬ್ ಮತ್ತು ಅವನ ಜನ. ನಾನು ವಿಗ್ರಹಗಳಿಗೆ ಹುಲ್ಲು, ಗೋಣಿ ಸುತ್ತುತ್ತಿದ್ದೆ. ಸಾವ್ಕಾರ್ರು ಅಂದೂ ಹೊಸ್ತಿಲ ಹೊರಗೇ ನಿಂತು, "ಹೂಂ, ಎತ್ತರಪ್ಪ" ಎಂದರು. ಆಮೇಲೆ ಕಿಟಕಿಯ ಕಡೆ ನೋಡಿದರು.

ಗಿರಿಜವ್ವ ಹುಡುಗಿಯ ಮುಂದೆ ಮುತ್ತುಗದ ಎಲೆ ಹಾಸಿ ಕೂತಿದ್ದರು. ಎಲೆಯ ಮೇಲೆ ಒಂದು ಹಿಡಿ ಮಂಡಕ್ಕಿ, ಒಂದು ಚೂರು ಹೋಳಿಗೆ.

"ಅವ್ವ, ಇಲ್ಯಾಕ ಕುಂತಿ? ಮನ್ಯಾಗ ಎಡಿ ಆಗಬೇಕು."

"ಆಕ್ಕತಿ. ಮೊದ್ಲು ಇದರದು ಮುಗೀಲಿ."

"ಯಾರದು?"

"ಗೌರಿದು."

ಸಾವ್ಕಾರ್ರು ಅಲ್ಲೇ ನಿಂತರು. ಹಮಾಲರು ಹಗ್ಗ ಹಿಡಿದುಕೊಂಡು ನಿಂತಿದ್ದರು. ಸಾವ್ಕಾರ್ರು ಏನು ಅನ್ನಬಹುದು ಎಂದು ನಾನು ಲೆಕ್ಕ ಹಾಕಿದ ಯಾವ ಮಾತನ್ನೂ ಅವರು ಆಡಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದು, ಎಲೆಯನ್ನೊಮ್ಮೆ ಬಗ್ಗಿ ನೋಡಿದರು.

"ಮಂಡಕ್ಕಿಗೆ ಬೆಲ್ಲ ಹಾಕಿಲ್ಲಲ್ಲವ್ವ. ಬೆಲ್ಲ ಇಲ್ದಿದ್ರೆ ಮುಟ್ಟತಿರಲಿಲ್ಲ ಅದು."

ಗಿರಿಜವ್ವ ತಲೆ ಎತ್ತಿದರು. "ನಿನಗ ನೆನಪೈತೇನೋ?"

"ನನ್ನ ಕೈಯಾಗಿಂದು ಕಸ್ಕಂಡು ಓಡ್ತಿತ್ತಲ್ಲ."

ಅವರು ಮನೆಗೆ ಹೋಗಿ ಬೆಲ್ಲದ ಚೂರು ತಂದರು. ಮಂಡಕ್ಕಿಯ ಮೇಲೆ ಉದುರಿಸಿ ತಾಯಿಯ ಪಕ್ಕ ನೆಲದ ಮೇಲೆ ಕೂತರು. ಅಷ್ಟು ದಪ್ಪ ಮನುಷ್ಯ ಅಷ್ಟು ಸದ್ದಿಲ್ಲದೆ ಕೂತದ್ದನ್ನು ನಾನು ನೋಡಿರಲಿಲ್ಲ.

ಖಾದರ್ ಸಾಬ್ ಮೆತ್ತಗೆ ಕೇಳಿದ. "ಎತ್ತೋಣೇನ್ರಿ ಸಾವ್ಕಾರ್ರೆ?"

"ಏನ್ ಎತ್ತತೀಯೋ?" ಎಂದರು ಅವರು, ತಿರುಗದೆ. "ಉಣ್ಣಾಕ ಕುಂತೋರನ್ನ ಯಾರರ ಎಬ್ಬಿಸ್ತಾರೇನು?"

ಗಾಡಿಗಳು ಖಾಲಿಯಾಗಿಯೇ ತಿರುಗಿ ಹೋದವು. ಜಾಗ ಖಾಲಿ ಮಾಡಿ ಎಂದ ಮಾತನ್ನು ಸಾವ್ಕಾರ್ರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದು ಅವರ ಸ್ವಭಾವವೂ ಅಲ್ಲ. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ಅಷ್ಟೆ. ಸಂಗ್ರಹಾಲಯ ಆ ಗೋದಾಮಿನಲ್ಲಿ ನನ್ನ ತಲೆ ನರೆಯುವವರೆಗೂ ಇತ್ತು. ಅಂದು ಸಂಜೆ ಎಲೆಯ ಸುತ್ತ ಇರುವೆ ಮುತ್ತಿದ್ದರಿಂದ ಅನಂತರಾಮಯ್ಯನವರು 'ಪ್ರದರ್ಶನ ವಸ್ತುಗಳಿಗೆ ಆಹಾರ ನೀಡಬಾರದು' ಎಂದು ಒಂದು ಫಲಕ ಬರೆದರು. ಬರೆದದ್ದನ್ನು ಬಹಳ ಹೊತ್ತು ನೋಡಿ, ಮಡಿಸಿ, ಮೇಜಿನೊಳಗೆ ಇಟ್ಟರು.

ಪ್ರದರ್ಶನ ಮುಗಿಯಿತು. ಪೆಟ್ಟಿಗೆಗಳು ಬೆಂಗಳೂರಿಗೆ ಹೊರಡಬೇಕು. ಈ ಸಲ ನಮ್ಮ ಸ್ಟೇಷನ್ನಿನಲ್ಲೇ ಜಾಗ ಸಿಕ್ಕಿತು. ಹಿಂದಿನ ದಿನ ಸಾವ್ಕಾರ್ರು ಅನಂತರಾಮಯ್ಯನವರ ಹತ್ತಿರ ಬಂದು, ಆ ಸಣ್ಣದೊಂದನ್ನು ಇಲ್ಲೇ ಉಳಿಸಿಕೊಳ್ಳಲು ಏನು ಮಾಡಬೇಕು, ಯಾರನ್ನು ಕಾಣಬೇಕು ಎಂದು ಕೇಳಿದರು. ಅನಂತರಾಮಯ್ಯನವರು ಪಾಪ, ಬೆವರಿದರು. ಬೊಂಬಾಯಿಯವರಿಗೆ ಹೇಗೆ ಬರೆಯುವುದು ಎಂದು ಅವರು ಯೋಚಿಸುತ್ತಿರುವಾಗಲೇ ಗಿರಿಜವ್ವ ಅಡ್ಡ ಬಂದರು.

"ಬ್ಯಾಡ. ಅದು ಆ ಕೂಸಿಂದು. ಅವರವ್ವ ಎಣಿಸಿಕ್ಯಂತ ಕುಂತಿರ್ತಾಳೆ. ಕಳಿಸ್ರಿ."

ಮರುದಿನ ಹಮಾಲರು ಬಂದರು. ದೊಡ್ಡ ಪೆಟ್ಟಿಗೆಗಳು ಹೆಗಲ ಮೇಲೆ ಹೋಗಿ ಗಾಡಿ ಸೇರಿದವು. ಕೊನೆಗೆ ಸಣ್ಣದು ಉಳಿಯಿತು. ಹಮಾಲನೊಬ್ಬ ಅದನ್ನು ಹೆಗಲಿಗೆ ಎತ್ತಲು ಬಗ್ಗಿದ.

"ಬಿಡೋ" ಎಂದರು ಸಾವ್ಕಾರ್ರು. "ಸಣ್ಣ ಕೂಸನ್ನ ಹೆಗಲ ಮ್ಯಾಲೆ ಒಯ್ತಾರೇನು?"

ಮಕ್ಕಳನ್ನು ಚಟ್ಟದ ಮೇಲೆ ಒಯ್ಯುವುದಿಲ್ಲ. ಮನೆಯವರೇ ಯಾರಾದರೂ ತೋಳಲ್ಲಿ ಎತ್ತಿಕೊಂಡು ಹೋಗುತ್ತಾರೆ. ಖಾದರ್ ಸಾಬ್ ಎರಡು ಹೆಜ್ಜೆ ಹಿಂದೆ ಸರಿದು, "ಇದು ನಮ್ಮ ಕೆಲಸ ಅಲ್ಲ, ಬರ್ರೋ" ಎಂದು ತನ್ನವರನ್ನು ಕರೆದುಕೊಂಡ.

ಸಾವ್ಕಾರ್ರು ಪೆಟ್ಟಿಗೆಯನ್ನು ಎರಡೂ ತೋಳಲ್ಲಿ ಎತ್ತಿಕೊಂಡರು. ಗಿರಿಜವ್ವ ಬಾಗಿಲವರೆಗೆ ಬಂದು ಅದರ ಮೇಲೆ ಕೈ ಇಟ್ಟು ತೆಗೆದರು. ಮಗ ಅವರನ್ನು ನೋಡಿ, "ಬಾರವ್ವ" ಎಂದರು. ಗಿರಿಜವ್ವ ಒಲ್ಲೆನೆಂದು ತಲೆ ಆಡಿಸಿದರು. "ನೀ ಹೋಗಿ ಬಾ. ಎಲ್ಲಿ ಇಟ್ಟು ಬಂದಿ ಅಂತ ಬಂದು ಹೇಳು."

ಸ್ಟೇಷನ್ನಿನವರೆಗೆ ನಡೆದೇ ಹೋದೆವು. ಜಟಕಾದವರು ಬಂಡಿ ನಿಲ್ಲಿಸಿ ಕೇಳಿದರೂ ಸಾವ್ಕಾರ್ರು ಹತ್ತಲಿಲ್ಲ. ಊರಿನ ವ್ಯಾಪಾರಸ್ಥರು ಅಂಗಡಿಯಿಂದ ಇಣುಕಿ, "ಏನ್ರಿ ರುದ್ರಪ್ಪಾರ, ನೀವೇ ಹೊತ್ತೀರಿ?" ಎಂದರು. ಇವರು ನಿಲ್ಲದೆ ನಡೆದರು. ಅನಂತರಾಮಯ್ಯನವರು ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು. "ಗೋವಿಂದಪ್ಪ, ಇದನ್ನ ವರದಿಯಲ್ಲಿ ಹೇಗೆ ಬರೆಯೋದು?" ಎಂದು ಪಿಸುಗುಟ್ಟಿದರು.

"ಪೆಟ್ಟಿಗೆಗಳು ಸುರಕ್ಷಿತವಾಗಿ ತಲುಪಿದವು ಅಂತ ಬರೀರಿ ಸಾರ್."

ವ್ಯಾಗನ್ನಿನಲ್ಲಿ ಎಲ್ಲ ಪೆಟ್ಟಿಗೆ ಜೋಡಿಸಿಯಾದ ಮೇಲೆ ಸಾವ್ಕಾರ್ರು ತಾವೇ ಹತ್ತಿ, ಮೂಲೆಯಲ್ಲಿ ಹುಲ್ಲು ಹಾಸಿ, ಸಣ್ಣದನ್ನು ಅದರ ಮೇಲೆ ಇಟ್ಟು, ಅಲುಗದಂತೆ ಎರಡೂ ಬದಿಗೆ ಗೋಣಿ ಸಿಕ್ಕಿಸಿದರು. ಇಳಿದು ಬಂದು ಆ ಮೂಲೆಯನ್ನು ಇನ್ನೊಮ್ಮೆ ನೋಡಿಕೊಂಡರು, ಗುರುತು ಇಟ್ಟುಕೊಳ್ಳುವವರಂತೆ.

ನಾವು ಹಿಂದಕ್ಕೆ ಬರುವಷ್ಟರಲ್ಲಿ ಅಂಗಳದಲ್ಲಿ ಹೊಗೆ ತುಂಬಿತ್ತು. ಬಚ್ಚಲ ಒಲೆಯ ಮುಂದೆ ಕೂತ ಗಿರಿಜವ್ವ ಹಂಡೆಯ ಕೆಳಗೆ ಹತ್ತಿ ಕಟ್ಟಿಗೆ ತುರುಕುತ್ತಿದ್ದರು. ಮಗ ಹತ್ತಿರ ಹೋಗಿ ಕೂತು, "ಬಲಗಡಿ ಮೂಲ್ಯಾಗ ಇಟ್ಟೀನವ್ವ. ಕೆಳಗ ಹುಲ್ಲು ಹಾಸೀನಿ" ಎಂದರು. ಗಿರಿಜವ್ವ ಹೂಂ ಎಂದರು. ತಾಯಿ ಇನ್ನೊಮ್ಮೆ ಕೇಳಿದರು, ಮಗ ಇನ್ನೊಮ್ಮೆ ಹೇಳಿದರು.

ಆಮೇಲೆ ಗಿರಿಜವ್ವ ಎದ್ದು, "ನೀರು ಕಾದಾವೆ. ಮಣ್ಣಿಗೆ ಹೋಗಿ ಬಂದೋರು ಹಂಗೇ ನಿಂದ್ರಬಾರದು, ಜಳಕ ಮಾಡ್ರಿ" ಎಂದರು. ಖಾದರ್ ಸಾಬ್ ಟವೆಲು ಹುಡುಕಿದ. ನಾನು ಗೋದಾಮಿನ ಕಡೆ ಹೆಜ್ಜೆ ಇಟ್ಟಿದ್ದೆ. ಗಿರಿಜವ್ವ ತಂಬಿಗೆಯನ್ನು ನನ್ನ ಕಡೆಗೂ ಚಾಚಿದರು.

"ನೀವೂ ಹೋಗಿದ್ರಲ್ಲ. ಬರ್ರಿ."

ಅವು ಪ್ಲಾಸ್ಟರಿನವು, ಪ್ರತಿಗಳು ಎಂಬ ವಿಷಯವನ್ನು ಆ ಊರಿನಲ್ಲಿ ನಮ್ಮಿಬ್ಬರಿಗಿಂತ ಹೆಚ್ಚು ಸಲ ಹೇಳಿದವರು ಇರಲಿಲ್ಲ. ಪಕ್ಕಕ್ಕೆ ನೋಡಿದೆ. ಅನಂತರಾಮಯ್ಯನವರು ಆಗಲೇ ಕೋಟು ಕಳಚಿ ಗೂಟಕ್ಕೆ ಹಾಕುತ್ತಿದ್ದರು. ನಾನೂ ಅಂಗಿ ಬಿಚ್ಚಿದೆ.